ಎಸೆದ ಸಿಪ್ಪೆ ಕಾಡು ಬೆಳೆಸಿತು!

ಒಂದು ಮೇಣದ ಬತ್ತಿ ಹಚ್ಚಿ, ಕೋಣೆಯ ದೀಪ ಆರಿಸಿ. ಈಗಷ್ಟೇ ಸುಲಿದ ಕಿತ್ತಳೆಯ ಒಂದು ತುಂಡು ಸಿಪ್ಪೆ ತೆಗೆದುಕೊಳ್ಳಿ. ಬಣ್ಣದ ಮೈ ಜ್ವಾಲೆಯ ಕಡೆಗಿರಲಿ. ಒಂದು ಗೇಣು ದೂರದಿಂದ ಅದನ್ನು ಫಕ್ಕನೆ ಮಡಿಸಿ ಹಿಂಡಿ. ಚಟಚಟ! ಜ್ವಾಲೆಯ ಸುತ್ತ ಕಿಡಿಗಳು ಸಿಡಿಯುತ್ತವೆ, ಕ್ಷಣಕಾಲ ನಕ್ಷತ್ರಕಡ್ಡಿ ಹಚ್ಚಿದಂತೆ ಕೋಣೆ ಬೆಳಗುತ್ತದೆ, ಮರುಕ್ಷಣವೇ ಮನೆ ತುಂಬ ಘಮ. (ಮಕ್ಕಳ ಕೈಗೆ ಇದನ್ನು ಕೊಡಬೇಡಿ, ಕೂದಲು, ಸೆರಗು ದೂರವಿರಲಿ.) ಈಗ ಕೈಯಲ್ಲಿರುವ ಆ ಸಿಪ್ಪೆಯನ್ನು ಮತ್ತೊಮ್ಮೆ ನೋಡಿ. ಒಂದು ನಿಮಿಷದ ಹಿಂದೆ ಅದು ಕಸದ ಬುಟ್ಟಿಗೆ ಹೊರಟಿತ್ತು!

ಆ ಕಿಡಿ ಎಲ್ಲಿಂದ ಬಂತು? ಸಿಪ್ಪೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತವಲ್ಲ, ಅವು ಒಂದೊಂದೂ ಎಣ್ಣೆ ತುಂಬಿದ ಪುಟ್ಟ ಗುಳ್ಳೆ. ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಆಂಡ್ರೂ ಡಿಕರ್‌ಸನ್ ಮತ್ತು ಸಂಗಡಿಗರು ಈ ಗುಳ್ಳೆ ಒಡೆಯುವ ಕ್ಷಣವನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. 2018ರಲ್ಲಿ ಅವರು ಪ್ರಕಟಿಸಿದ್ದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಸಿಪ್ಪೆ ಬಾಗಿದಾಗ ಒಳಗಿನ ಬಿಳಿಯ ಮೆತ್ತೆ ಗುಳ್ಳೆಯನ್ನು ಅದುಮುತ್ತದೆ, ಎಣ್ಣೆಯ ಒತ್ತಡ ಏರುತ್ತ ಏರುತ್ತ ಹೋಗುತ್ತದೆ, ಕೊನೆಗೆ ಹೊರಪೊರೆ ತಾಳಲಾರದೆ ಬಿರಿಯುತ್ತದೆ. ಚಿಮ್ಮಿದ ಎಣ್ಣೆಯ ಎಳೆಯ ವೇಗ ಸೆಕೆಂಡಿಗೆ 10 ಮೀಟರಿಗೂ ಹೆಚ್ಚು. ಅದಕ್ಕಿಂತ ದೊಡ್ಡ ಬೆರಗು ಆ ವೇಗ ತಲುಪುವ ಬಗೆ: ನಿಂತಲ್ಲಿಂದ ನೆಗೆಯುವ ಆ ಎಣ್ಣೆಯ ವೇಗೋತ್ಕರ್ಷ ಗುರುತ್ವದ 5,000 ಪಟ್ಟು! ರಾಕೆಟ್ಟಿನಲ್ಲಿ ಮೇಲೇರುವ ಗಗನಯಾತ್ರಿ ತಡೆದುಕೊಳ್ಳುವುದು ಗುರುತ್ವದ ಮೂರು ನಾಲ್ಕು ಪಟ್ಟನ್ನು. ನಾವು ಕಿತ್ತಳೆ ಸುಲಿಯುವಾಗ ಕಣ್ಣಿಗೆ ಚುರ್ ಎಂದು ಹಾರುವ ಆ ತುಂತುರಿನ ಹಿಂದೆ ಇಂಥ ಸ್ಫೋಟವಿದೆ ಎಂದು ಯಾರಿಗೆ ಗೊತ್ತಿತ್ತು?

ಆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಲಿಮೋನೀನ್ ಎಂಬ ದ್ರವ್ಯ. ಕಿತ್ತಳೆಯ ವಾಸನೆ ಎಂದು ನಾವು ಹಿಗ್ಗುವುದು ಬಹುಪಾಲು ಇದಕ್ಕೇ. ಊದಿದ ಬಲೂನಿನ ಮೇಲೆ ಸಿಪ್ಪೆ ಹಿಂಡಿ ನೋಡಿ, ಮುಟ್ಟದೆಯೇ ಢಬ್ ಎಂದು ಒಡೆಯುತ್ತದೆ. ಲಿಮೋನೀನ್ ರಬ್ಬರನ್ನು ಕರಗಿಸಿಬಿಟ್ಟಿರುತ್ತದೆ. ಥರ್ಮೋಕೋಲ್ ತುಂಡಿನ ಮೇಲೆ ಹಿಂಡಿದರೆ ಅಲ್ಲಿ ಗುಳಿ ಬೀಳುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲಿ ಹೂತರೂ ಕೊಳೆಯದ ಥರ್ಮೋಕೋಲನ್ನು ಒಂದು ಹಣ್ಣಿನ ತೊಗಲು ಕಣ್ಣೆದುರೇ ಕರಗಿಸುತ್ತದೆ!

ಮರ ಇಷ್ಟೆಲ್ಲ ಸಿದ್ಧತೆಯನ್ನು ಸಿಪ್ಪೆಯಲ್ಲೇ ಏಕೆ ಮಾಡಿಕೊಂಡಿತು? ಯೋಚಿಸಿದಷ್ಟೂ ಸರಿ ಎನಿಸುತ್ತದೆ. ಒಳಗಿನ ಸಿಹಿ ತೊಳೆಗಳು ತಿನ್ನುವವರಿಗಾಗಿ. ತಿಂದವರು ಬೀಜವನ್ನು ದೂರ ಒಯ್ಯಲಿ ಎಂದು ಮರ ಕೊಡುವ ಕೂಲಿ ಅದು. ಆದರೆ ಬೀಜ ಬಲಿಯುವ ತನಕ ಬೂಷ್ಟು, ಹುಳ, ಸುಡುಬಿಸಿಲು ಎಲ್ಲವನ್ನೂ ಎದುರಿಸಿ ನಿಲ್ಲಬೇಕಾದದ್ದು ಸಿಪ್ಪೆ. ಹಾಗಾಗಿ ಮರ ತನಗೆ ಗೊತ್ತಿದ್ದ ರಸಾಯನವಿದ್ಯೆಯನ್ನೆಲ್ಲ ಅಲ್ಲಿಗೇ ತುಂಬಿತು. ತೊಳೆ ತಿಂದು ಸಿಪ್ಪೆ ಎಸೆಯುವ ನಾವು ಕೂಲಿಯನ್ನಷ್ಟೇ ಪಡೆದು ಖಜಾನೆಯನ್ನು ಬಿಟ್ಟುಬರುತ್ತಿದ್ದೇವೆ.

ಲೆಕ್ಕ ನೋಡಿ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಂತೆ 100 ಗ್ರಾಂ ಕಿತ್ತಳೆ ತೊಳೆಯಲ್ಲಿರುವ ಸಿ ಜೀವಸತ್ವ ಸುಮಾರು 53 ಮಿಲಿಗ್ರಾಂ. ಅಷ್ಟೇ ತೂಕದ ಹಸಿ ಸಿಪ್ಪೆಯಲ್ಲಿ? 136 ಮಿಲಿಗ್ರಾಂ! ನಾರಿನಂಶ ತೊಳೆಯಲ್ಲಿ 2.4 ಗ್ರಾಂ, ಸಿಪ್ಪೆಯಲ್ಲಿ 10.6 ಗ್ರಾಂ. ಕ್ಯಾಲ್ಸಿಯಂ ತೊಳೆಯಲ್ಲಿ 40 ಮಿಲಿಗ್ರಾಂ ಇದ್ದರೆ ಸಿಪ್ಪೆಯಲ್ಲಿ 161. ಒಂದೇ ಸಲಕ್ಕೆ 100 ಗ್ರಾಂ ಸಿಪ್ಪೆಯನ್ನು ಯಾರೂ ತಿನ್ನುವುದಿಲ್ಲ ನಿಜ, ತಿನ್ನಲೂಬಾರದು; ಕುದಿಸಿದರೆ ಸಿ ಜೀವಸತ್ವ ಬಹಳಷ್ಟು ಹೋಗುತ್ತದೆ ಎಂಬುದೂ ನಿಜ. ಆದರೂ ಒಂದು ಚಮಚ ಹಸಿ ತುರಿಯನ್ನು ಮೊಸರಿಗೋ ಕೋಸಂಬರಿಗೋ ಉದುರಿಸುವುದು ಎಷ್ಟು ಹೊತ್ತಿನ ಕೆಲಸ?

ಇನ್ನು ಆ ಬಿಳಿ ಪದರ. ಉಗುರಿನಿಂದ ಕೆರೆಕೆರೆದು ನಾವು ಬೇರೆ ಮಾಡುವ, ಮಕ್ಕಳು ಮುಖ ಸಿಂಡರಿಸಿ ಪಕ್ಕಕ್ಕಿಡುವ ಬಿಳಿ. ಅದರ ಚರಿತ್ರೆ ಓದುತ್ತ ಕೂತರೆ ಊಟ ಮರೆಯುತ್ತದೆ! 1828ರಲ್ಲಿ ಫ್ರಾನ್ಸಿನ ಲೆಬ್ರೆಟನ್ ಎಂಬ ರಸಾಯನಜ್ಞ ಕಿತ್ತಳೆಯ ಇದೇ ಬಿಳಿ ಪದರದಿಂದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಹೆಸ್ಪೆರಿಡಿನ್ ಎಂದು ಹೆಸರಿಟ್ಟ. ಅದರಿಂದೇನು ಪ್ರಯೋಜನ ಎಂಬುದು ನೂರು ವರ್ಷ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹಂಗೇರಿಯ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಬಂದರು. ಸಿ ಜೀವಸತ್ವದ ಕೆಲಸಕ್ಕಾಗಿ 1937ರಲ್ಲಿ ನೊಬೆಲ್ ಪಡೆದವರು. ಸೂಕ್ಷ್ಮ ರಕ್ತನಾಳಗಳು ಒಸರಿ ಚರ್ಮದಡಿ ರಕ್ತ ಮಡುಗಟ್ಟುವ ರೋಗಿಗಳಿಗೆ ಶುದ್ಧ ಸಿ ಜೀವಸತ್ವದಿಂದ ಆಗದ ಉಪಕಾರ ಅಶುದ್ಧ ಸಾರದಿಂದ ಆಗುವುದನ್ನು ಅವರು ಕಂಡರು. ಅಶುದ್ಧದಲ್ಲಿ ಶುದ್ಧದಲ್ಲಿಲ್ಲದ್ದು ಏನಿದೆ? ಫ್ಲೇವನಾಯ್ಡ್‌ಗಳು! 1936ರಲ್ಲಿ ಅವರು ಅದನ್ನು ಪಿ ಜೀವಸತ್ವ ಎಂದು ಕರೆದರು. ಅದು ಜೀವಸತ್ವದ ಲಕ್ಷಣಕ್ಕೆ ಹೊಂದುವುದಿಲ್ಲವೆಂದು ಆ ಹೆಸರನ್ನು ಮುಂದೆ ಕೈಬಿಟ್ಟರು. ಆದರೆ ಸುಳಿವು ಸುಳ್ಳಾಗಿರಲಿಲ್ಲ. ಇಂದು ಮೂಲವ್ಯಾಧಿಗೆ, ಕಾಲಿನ ನರ ಉಬ್ಬಿ ನೋಯುವುದಕ್ಕೆ ವೈದ್ಯರು ಬರೆದುಕೊಡುವ ಒಂದು ಪ್ರಸಿದ್ಧ 500 ಮಿಲಿಗ್ರಾಂ ಮಾತ್ರೆಯಲ್ಲಿ 450 ಮಿಲಿಗ್ರಾಂ ಡಯೋಸ್ಮಿನ್, 50 ಮಿಲಿಗ್ರಾಂ ಹೆಸ್ಪೆರಿಡಿನ್. ಆ ಡಯೋಸ್ಮಿನ್ ಅನ್ನೂ ಸಾಮಾನ್ಯವಾಗಿ ತಯಾರಿಸುವುದು ಹೆಸ್ಪೆರಿಡಿನ್‌ನಿಂದಲೇ. ಔಷಧದಂಗಡಿಯಲ್ಲಿ ಹಣ ಕೊಟ್ಟು ತರುವ ಆ ಮಾತ್ರೆಯ ತವರು, ಜ್ಯೂಸ್ ಅಂಗಡಿಯವನು ಬುಟ್ಟಿಗೆ ಸುರಿಯುವ ಸಿಪ್ಪೆ! ಹಾಗೆಂದು ಸಿಪ್ಪೆ ಅಗಿದರೆ ಮೂಲವ್ಯಾಧಿ ಮಾಯವಾಗುತ್ತದೆ ಎಂದು ತಿಳಿಯಬೇಡಿ. ಮಾತ್ರೆಯಲ್ಲಿರುವುದು ಅಳೆದು ತೂಗಿ ಅತಿ ನಯವಾಗಿ ಪುಡಿ ಮಾಡಿದ ಔಷಧ.

ಇದೇ ಬಿಳಿ ಮೆತ್ತೆಯಲ್ಲಿ ಪೆಕ್ಟಿನ್ ಕೂಡ ಇದೆ. ಜಾಮ್ ಗಟ್ಟಿಯಾಗುವುದು ಅದರಿಂದ. ಜಗತ್ತಿನ ಕಾರ್ಖಾನೆಗಳಿಗೆ ಬೇಕಾದ ಪೆಕ್ಟಿನ್ ಬಹುಪಾಲು ಬರುವುದು ನಿಂಬೆ, ಕಿತ್ತಳೆ ಜಾತಿಯ ಸಿಪ್ಪೆಯಿಂದ. ದಿನಕ್ಕೆ 6 ಗ್ರಾಂ ಪೆಕ್ಟಿನ್ ಸೇವಿಸಿದರೆ ರಕ್ತದ ಕೊಲೆಸ್ಟರಾಲ್ ಹತೋಟಿಯಲ್ಲಿಡಲು ಸಹಾಯವಾಗುತ್ತದೆ ಎಂಬುದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೇ ಒಪ್ಪಿಕೊಂಡಿದೆ. ಪೆಕ್ಟಿನ್ ಬಿಟ್ಟು ಇಡೀ ಸಿಪ್ಪೆಗೆ ಬರೋಣ. ಅಮೆರಿಕದ ಅರಿಜೋನಾದಲ್ಲಿ, ಬಿಸಿಲು ಸುರಿಯುವ ಆ ಮರಳುಗಾಡಿನ ರಾಜ್ಯದಲ್ಲಿ, ಇಮಾನ್ ಹಕೀಮ್ ಮತ್ತು ಸಂಗಡಿಗರು ಚರ್ಮದ ಒಂದು ಬಗೆಯ ಕ್ಯಾನ್ಸರ್ ಬಂದ ಹಿರಿಯರನ್ನೂ ಬಾರದವರನ್ನೂ ಹೋಲಿಸಿ 2000ದಲ್ಲಿ ಒಂದು ವರದಿ ಪ್ರಕಟಿಸಿದರು. ಸಿಪ್ಪೆ ತಿನ್ನುವ ಅಭ್ಯಾಸವಿದ್ದವರಲ್ಲಿ ಆ ಕ್ಯಾನ್ಸರಿನ ಅಪಾಯ ಕಡಿಮೆ ಕಂಡಿತ್ತು. ಇದು ನಂಟಷ್ಟೇ, ಕಾರಣವೆಂದು ಸಾಬೀತಾಗಿಲ್ಲ. ಆದರೂ ಇಂಥ ಪ್ರಶ್ನೆ ಕೇಳಬೇಕೆಂದು ಒಬ್ಬರಿಗೆ ಹೊಳೆಯಿತಲ್ಲ, ಅದೇ ನನಗೆ ರೋಮಾಂಚನ!

ಕಹಿಯ ಕಥೆ ಇನ್ನೂ ಸೋಜಿಗದ್ದು. 1960ರ ದಶಕ. ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯ. ಹೊರೋವಿಟ್ಸ್ ಮತ್ತು ಜೆಂಟಿಲಿ ಎಂಬ ಇಬ್ಬರು ಕಿತ್ತಳೆ ಜಾತಿಯ ಹಣ್ಣುಗಳ ಕಹಿಯನ್ನು ಬೆನ್ನಟ್ಟಿದ್ದರು. ಕಹಿಕಿತ್ತಳೆಯ ಸಿಪ್ಪೆಯಿಂದ ನಿಯೋಹೆಸ್ಪೆರಿಡಿನ್ ಎಂಬ ಕಡುಕಹಿ ವಸ್ತುವನ್ನು ತೆಗೆದು, ಕ್ಷಾರದಲ್ಲಿ ಸಂಸ್ಕರಿಸಿ, ಅದಕ್ಕೆ ಹೈಡ್ರೋಜನ್ ಕೂಡಿಸಿದರು. ಅಣುವಿನಲ್ಲಿ ಆದದ್ದು ಚಿಕ್ಕದೊಂದು ಬದಲಾವಣೆ. ನಾಲಿಗೆಗೆ ಮಾತ್ರ ಲೋಕವೇ ತಲೆಕೆಳಗು! ಆ ವಸ್ತು ಸಕ್ಕರೆಗಿಂತ ಸಾವಿರ ಪಟ್ಟಿಗೂ ಮೀರಿ ಸಿಹಿ. ಇಂದು ಅದು ಯುರೋಪಿನಲ್ಲಿ ಅಂಗೀಕೃತ ಸಿಹಿಕಾರಕ. ಔಷಧಗಳ ಕಹಿಯನ್ನು ಮರೆಮಾಚಲು ಬಳಕೆಯಾಗುತ್ತದೆ. ಕಹಿಯನ್ನು ಮುಚ್ಚಲು ಕಹಿಯ ಮಗಳೇ!

ಈ ಇಡೀ ಕುಲದ ತವರು ಎಲ್ಲಿ ಗೊತ್ತೇ? 2018ರಲ್ಲಿ ಜೀನುಗಳನ್ನು ಓದಿ ವಂಶವೃಕ್ಷ ಬಿಡಿಸಿದ ವಿಜ್ಞಾನಿಗಳ ಬೆರಳು ನಿಂತದ್ದು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ: ಪೂರ್ವ ಅಸ್ಸಾಂ, ಉತ್ತರ ಮ್ಯಾನ್ಮಾರ್, ಪಶ್ಚಿಮ ಯುನ್ನಾನ್. ಸುಮಾರು 80 ಲಕ್ಷ ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕುಲದ ಮೂಲಪುರುಷರಲ್ಲಿ ಮುಖ್ಯವಾದವು ಮೂರು: ಮಾದಲ, ಚಕ್ಕೋತ, ಮ್ಯಾಂಡರಿನ್ ಕಿತ್ತಳೆ. ನಮ್ಮ ವಿಜಯಪುರದ ಇಂಡಿಯ ಹೊಲಗಳಲ್ಲಿ ಬೆಳೆಯುವ ಸಣ್ಣ ನಿಂಬೆಯ ಜಾತಿಗೂ ತಂದೆ ಮಾದಲವೇ. ತಾಯಿ ಆಗ್ನೇಯ ಏಷ್ಯಾದ ಒಂದು ಕಾಡುಜಾತಿ.

ಆ ಮಾದಲವನ್ನು ಒಮ್ಮೆ ಅಡ್ಡಡ್ಡ ಕೊಯ್ದು ನೋಡಿ. ಉಬ್ಬುತಗ್ಗಿನ ದೊಡ್ಡ ಹಣ್ಣು, ಒಳಗೆ ರಸ ಎಂಬುದು ಹೆಸರಿಗೆ. ಉಳಿದದ್ದೆಲ್ಲ ಸಿಪ್ಪೆ, ಅದೂ ದಪ್ಪನೆಯ ಬಿಳಿ ಸಿಪ್ಪೆ! ಇಂಥ ಹಣ್ಣನ್ನು ಜನ ಏಕೆ ಬಯಸಿದರು? ಸಿಪ್ಪೆಗಾಗಿಯೇ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಸಸ್ಯಜ್ಞ ಥಿಯೊಫ್ರಾಸ್ಟಸ್ ಈ ಹಣ್ಣನ್ನು ವರ್ಣಿಸುತ್ತ, ಇದನ್ನು ತಿನ್ನುವುದಿಲ್ಲ, ಆದರೆ ಬಟ್ಟೆಗಳ ನಡುವೆ ಇಟ್ಟರೆ ನುಸಿ ಹಿಡಿಯುವುದಿಲ್ಲ ಎಂದು ಬರೆದಿಟ್ಟಿದ್ದಾನೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ! ಯಹೂದಿಗಳ ಸುಕ್ಕೋತ್ ಹಬ್ಬದಲ್ಲಿ ಕೈಯಲ್ಲಿ ಹಿಡಿಯುವ ಹಣ್ಣೂ ಇದೇ. ಕನ್ನಡಿಗರು ಸಾಲುಗಟ್ಟಿ ದರ್ಶನಕ್ಕೆ ಹೋಗುವ ಕೊಲ್ಹಾಪುರದಲ್ಲಿ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದಿರುವುದೂ ಮಾದಲ ಫಲವನ್ನೇ.

ಇಷ್ಟು ಹೊತ್ತು ನಾನು ಹೇಳಲು ತವಕಿಸುತ್ತಿದ್ದ ಕಥೆ ಇನ್ನು ಬರುತ್ತದೆ. ಮಧ್ಯ ಅಮೆರಿಕದ ಕೋಸ್ಟರಿಕಾ. 1990ರ ದಶಕದ ಕೊನೆ. ಗ್ವಾನಕಾಸ್ಟೆ ಸಂರಕ್ಷಿತ ಪ್ರದೇಶದಲ್ಲಿ ಬಾಳಿನ ಬಹುಭಾಗ ಸವೆಸಿದ ಪರಿಸರ ವಿಜ್ಞಾನಿ ದಂಪತಿ ಡೇನಿಯಲ್ ಜಾನ್‌ಜನ್ ಮತ್ತು ವಿನ್ನಿ ಹಾಲ್‌ವಾಕ್ಸ್ ಪಕ್ಕದ ಕಿತ್ತಳೆರಸದ ಕಂಪನಿ ಡೆಲ್ ಓರೋಗೆ ಒಂದು ಪ್ರಸ್ತಾಪ ಒಯ್ದರು: ನಿಮ್ಮ ಕಾಡುಭೂಮಿಯ ಒಂದಿಷ್ಟನ್ನು ಸಂರಕ್ಷಣೆಗೆ ಬಿಟ್ಟುಕೊಡಿ, ಬದಲಿಗೆ ನಿಮ್ಮ ಸಿಪ್ಪೆಯ ರಾಶಿಯನ್ನು ಉದ್ಯಾನದೊಳಗಿನ ಬಂಜರು ಹುಲ್ಲುಗಾವಲಿನಲ್ಲಿ ಪುಕ್ಕಟೆಯಾಗಿ ಸುರಿಯಿರಿ. ದನ ಮೇದು ಮೇದು ಸತ್ತುಹೋಗಿದ್ದ ನೆಲ ಅದು, ಆಫ್ರಿಕಾದಿಂದ ಬಂದ ಹುಲ್ಲು ಬಿಟ್ಟರೆ ಬೇರೇನೂ ಏಳದು. ಮೂರು ಹೆಕ್ಟೇರಿನಷ್ಟು ಆ ಜಾಗಕ್ಕೆ ಸಾವಿರ ಲಾರಿ ಸಿಪ್ಪೆ ಬಂದು ಬಿತ್ತು. 12,000 ಟನ್!

ಮರುವರ್ಷವೇ ಎದುರಾಳಿ ಕಂಪನಿ ನ್ಯಾಯಾಲಯಕ್ಕೆ ಹೋಯಿತು, ರಾಷ್ಟ್ರೀಯ ಉದ್ಯಾನವನ್ನು ಮಲಿನ ಮಾಡಿದ್ದಾರೆ ಎಂದು. ದೇಶದ ಸರ್ವೋಚ್ಚ ನ್ಯಾಯಾಲಯ ಯೋಜನೆಯನ್ನು ನಿಲ್ಲಿಸಿತು. ಸಿಪ್ಪೆ ಬಿದ್ದಲ್ಲೇ ಉಳಿಯಿತು. ಎಲ್ಲರೂ ಮರೆತರು.

2013ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ತಿಮೊಥಿ ಟ್ರೂಯರ್ ಆ ಜಾಗ ಹುಡುಕಿಕೊಂಡು ಹೋದರು. ಸಿಗಲೇ ಇಲ್ಲ! ಗುರುತಿಗೆಂದು ನೆಟ್ಟಿದ್ದ ದೊಡ್ಡ ಹಳದಿ ಅಕ್ಷರಗಳ ಫಲಕ ಬಳ್ಳಿಗಳಡಿ ಮುಚ್ಚಿಹೋಗಿತ್ತು. ರಸ್ತೆಯ ಒಂದು ಮಗ್ಗುಲಲ್ಲಿ ಅದೇ ಬಡಕಲು ಹುಲ್ಲು, ಒಂಟಿ ಮರಗಳು. ಇನ್ನೊಂದು ಮಗ್ಗುಲಲ್ಲಿ, ಸಿಪ್ಪೆ ಬಿದ್ದ ಕಡೆ, ಹೆಜ್ಜೆ ಇಡಲಾಗದಷ್ಟು ದಟ್ಟ ಕಾಡು. ಅಳೆದು ನೋಡಿದರೆ ನೆಲದ ಮೇಲಿನ ಸಸ್ಯರಾಶಿ ಶೇ 176ರಷ್ಟು ಹೆಚ್ಚಿತ್ತು, ಮರಗಳ ಜಾತಿಗಳೂ ಹೆಚ್ಚಿದ್ದವು, ಮಣ್ಣು ಫಲವತ್ತಾಗಿತ್ತು. 2017ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ದಪ್ಪನೆಯ ಸಿಪ್ಪೆಯ ಹೊದಿಕೆ ಹಟಮಾರಿ ಹುಲ್ಲನ್ನು ಉಸಿರುಗಟ್ಟಿಸಿತು, ಆಮೇಲೆ ತಾನೇ ಕೊಳೆತು ಗೊಬ್ಬರವಾಯಿತು. ಗಾಳಿ ತಂದ, ಹಕ್ಕಿ ಉದುರಿಸಿದ ಬೀಜಗಳಿಗೆ ಅಷ್ಟೇ ಸಾಕಾಯಿತು. ಯಾರೂ ಒಂದು ಸಸಿ ನೆಡಲಿಲ್ಲ!

ಇದನ್ನು ಓದಿದ ಮೇಲೆ ಬೆಂಗಳೂರಿನ ಜ್ಯೂಸ್ ಅಂಗಡಿಗಳ ಮುಂದೆ ಸಂಜೆ ಹೊತ್ತು ಗೋಣಿಚೀಲಗಳಲ್ಲಿ ತುಂಬಿಟ್ಟ ಮೂಸಂಬಿ ಸಿಪ್ಪೆ ಕಂಡರೆ ನನಗೆ ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. ಆ ಚೀಲಗಳಲ್ಲಿ ಏನೇನಿಲ್ಲ! ಸಿಂಗಪುರದ ನಾನ್‌ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾಧವಿ ಶ್ರೀನಿವಾಸನ್ ಮತ್ತು ಡಾಲ್ಟನ್ ಟೇ ಅವರ ತಂಡ 2020ರಲ್ಲಿ ಒಣಗಿಸಿ ಪುಡಿ ಮಾಡಿದ ಕಿತ್ತಳೆ ಸಿಪ್ಪೆಗೆ ಸಿಟ್ರಿಕ್ ಆಮ್ಲ ಸೇರಿಸಿ, ಹಳೆಯ ಲಿಥಿಯಂ ಬ್ಯಾಟರಿಗಳ ಪುಡಿಯಿಂದ ಕೋಬಾಲ್ಟ್, ಲಿಥಿಯಂ, ನಿಕಲ್, ಮ್ಯಾಂಗನೀಸ್‌ಗಳನ್ನು ಶೇ 90ರಷ್ಟು ಮರಳಿ ಪಡೆಯಿತು. ಘೋರ ಆಮ್ಲಗಳು ಮಾಡುವ ಕೆಲಸ! ಬಿಸಿಯಲ್ಲಿ ಸಿಪ್ಪೆಯ ಸೆಲ್ಯುಲೋಸ್ ಸಕ್ಕರೆಯಾಗಿ ಒಡೆಯುತ್ತದೆ, ಆ ಸಕ್ಕರೆ ಲೋಹವನ್ನು ಬಿಡಿಸಲು ನೆರವಾಗುತ್ತದೆ. ಇಟಲಿಯ ಸಿಸಿಲಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ಕಟ್ಟಿದ ಆರೆಂಜ್ ಫೈಬರ್ ಸಂಸ್ಥೆ ರಸ ತೆಗೆದ ಕಿತ್ತಳೆಯ ಚರಟದಿಂದ ರೇಷ್ಮೆಯಂಥ ಬಟ್ಟೆ ನೇಯಿಸುತ್ತದೆ. ಚೀನಾದ ಸಿನ್‌ಹುಯಿಯಲ್ಲಿ ಒಣಗಿಸಿದ ಸಿಪ್ಪೆಯನ್ನು ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಹಳತು ಮಾಡಿ ಔಷಧವಾಗಿ, ಅಡುಗೆಗೆ ಮಾರುತ್ತಾರೆ; ಹಳೆಯದಾದಷ್ಟೂ ಬೆಲೆ ಏರುತ್ತದೆ.

ಮನೆಯಲ್ಲೇ ಮಾಡಬಹುದಾದದ್ದೂ ಕಡಿಮೆಯೇನಿಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿ, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಡಬ್ಬಿ ಸಿಡಿದೀತು. ಮೂರು ತಿಂಗಳಿಗೆ ನೆಲ ಒರೆಸಲು, ಸಿಂಕ್ ತಿಕ್ಕಲು ಹುಳಿಯಾದ ಜೈವಿಕ ದ್ರವ ಸಿದ್ಧ. ನೆರಳಲ್ಲಿ ಒಣಗಿಸಿದ ಸಿಪ್ಪೆಯನ್ನು ಬಟ್ಟೆಯ ಕಪಾಟಿನಲ್ಲಿಟ್ಟರೆ ಥಿಯೊಫ್ರಾಸ್ಟಸ್ ಹೇಳಿದ್ದನ್ನು ನೀವೇ ಪರೀಕ್ಷಿಸಬಹುದು. ಬೆಕ್ಕು ಸಾಕಿದ್ದರೆ ಎಣ್ಣೆಯನ್ನು ಅದರಿಂದ ದೂರವಿಡಿ, ಅದಕ್ಕೆ ಆಗುವುದಿಲ್ಲ.

ಈ ಖಜಾನೆಗೆ ಕೈ ಹಾಕುವಾಗ ಎಚ್ಚರವೂ ಬೇಕು. ನಿಂಬೆಸಿಪ್ಪೆ ಮುಖಕ್ಕೆ ಉಜ್ಜಿಕೊಂಡು ಬಿಸಿಲಿಗೆ ಹೋಗಲೇಬೇಡಿ. ಅದರ ಫ್ಯೂರನೊಕೂಮರಿನ್‌ಗಳು ಬಿಸಿಲಿನೊಡನೆ ಸೇರಿ ಚರ್ಮ ಸುಟ್ಟು ಬೊಬ್ಬೆ ಏಳಿಸುತ್ತವೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗ್ರೇಪ್‌ಫ್ರೂಟ್, ಚಕ್ಕೋತಗಳಲ್ಲಿ ಇದೇ ಗುಂಪಿನ ವಸ್ತುಗಳು ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ದೇಹ ಒಡೆದು ಹೊರಹಾಕದಂತೆ ತಡೆದು ಅವುಗಳ ಪ್ರಮಾಣ ರಕ್ತದಲ್ಲಿ ಏರುವಂತೆ ಮಾಡುತ್ತವೆ. ಅಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅಂಗಡಿಯ ಹಣ್ಣಿಗೆ ಮೇಣ ಬಳಿದಿರಬಹುದು, ಸಿಂಪಡಿಸಿದ ವಿಷವೂ ಸಿಪ್ಪೆಯಲ್ಲೇ ನಿಲ್ಲುವುದು. ಬೆಚ್ಚನೆಯ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಸಿಕ್ಕಿದರೆ ಕೊಡಗಿನ ಕಾಫಿ ತೋಟದ ನೆರಳಲ್ಲಿ, ಔಷಧ ಹೊಡೆಯದೆ ಬೆಳೆದ ಕಿತ್ತಳೆಯನ್ನೇ ತನ್ನಿ. ಹಸಿರು ಹಳದಿ ಬೆರೆತ ಸಿಪ್ಪೆಯಿಂದಲೇ ಅದನ್ನು ಗುರುತು ಹಿಡಿಯಬಹುದು.

ತಂದಿರಾ? ಹಾಗಿದ್ದರೆ ಗೊಜ್ಜು ಮಾಡಿ. ನಮ್ಮ ಅಡುಗೆಮನೆಗಳಲ್ಲಿ ಹೇರಳೆಕಾಯಿಯ ಸಿಪ್ಪೆ ಉಪ್ಪಿನಕಾಯಾಗುತ್ತಿತ್ತು, ನಿಂಬೆ ಇಡಿಯಾಗಿ ಉಪ್ಪಿಗೆ ಬೀಳುತ್ತಿತ್ತು, ಕಿತ್ತಳೆ ಸಿಪ್ಪೆ ತಂಬುಳಿಯೂ ಗೊಜ್ಜೂ ಆಗುತ್ತಿತ್ತು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಮ್ಮೆ ಕುದಿಸಿ ನೀರು ಬಸಿದರೆ ಕಹಿಯ ಒಂದು ಪಾಲು ಹೊರಟುಹೋಗುತ್ತದೆ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಸಿಪ್ಪೆಯನ್ನು ಬಾಡಿಸಿ, ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಯಲು ಬಿಡಿ. ಈಗ ಬಾಣಲೆಯೊಳಗೆ ನೋಡಿ! ಹುಣಸೆಯ ಹುಳಿ, ಬೆಲ್ಲದ ಸಿಹಿ, ಸಿಪ್ಪೆಯ ಪೆಕ್ಟಿನ್. ಯುರೋಪಿನ ಅಡುಗೆಮನೆಯಲ್ಲಿ ಮಾರ್ಮಲೇಡ್ ಗಟ್ಟಿಯಾಗುವುದು ಈ ಮೂರೂ ಕೂಡಿದಾಗಲೇ. ಫ್ರಾನ್ಸಿನ ಆನ್ರಿ ಬ್ರಾಕೊನೊ ಪೆಕ್ಟಿನ್ ಎಂಬ ವಸ್ತುವನ್ನು 1825ರಲ್ಲಿ ಗುರುತಿಸಿದ; ನಮ್ಮ ಗೊಜ್ಜಿನ ಕೈಗಳಿಗೆ ಆ ಹೆಸರು ಬೇಕಾಗಿಯೇ ಇರಲಿಲ್ಲ. ಗೊಜ್ಜು ಮಂದವಾಗಿ ಸೌಟಿಗೆ ಅಂಟುವ ಹೊತ್ತಿಗೆ ಒಲೆ ಆರಿಸಿ. ಬಿಸಿ ಅನ್ನಕ್ಕೆ ಒಂದು ಮಿಳ್ಳೆ ಎಣ್ಣೆ ಹಾಕಿ ಕಲಸಿಕೊಳ್ಳಿ, ದೋಸೆಗೂ ಚೆನ್ನ. ಆರಿಸಿ ತಂಪುಪೆಟ್ಟಿಗೆಯಲ್ಲಿಟ್ಟರೆ ವಾರಕ್ಕೆ ಮೋಸವಿಲ್ಲ, ಎರಡನೆಯ ದಿನ ರುಚಿ ಇನ್ನಷ್ಟು ಕೂಡಿಬರುತ್ತದೆ.